ಬುದ್ಧಿ ಹುಟ್ಟಿನಿಂದಲೋ, ಕಲಿಕೆಯಿಂದಲೋ?

ಪ್ರೀತಿಯ ಪೋಷಕರೇ,

ನಮಸ್ಕಾರ. ಎಂಟನೇ ತರಗತಿಯಲ್ಲಿ ಈಗ ನರಮಂಡಲದ ಪಾಠ ನಡೆಯುತ್ತಿದೆ. ಹೋದ ಸಭೆಯಲ್ಲಿ ನಿಮ್ಮಲ್ಲೊಬ್ಬರು, "ಬುದ್ಧಿ ಹುಟ್ತಾನೇ ಬರೋದು ಅಲ್ವಾ ಮೇಡಂ?" ಎಂದು ಕೇಳಿದ್ದರು. ಅವತ್ತಿನ ಗಡಿಬಿಡಿಯಲ್ಲಿ ಸುಮ್ನೆ ನಕ್ಕುಬಿಟ್ಟೆ. ಉತ್ತರ ಬಾಕಿ ಉಳಿದಿದೆ.

ಒಂದಿಷ್ಟು ಹುಟ್ಟಿನಿಂದ ಬರುವುದು ನಿಜ. ಸಿ. ಎಲೆಗನ್ಸ್ ಎಂಬ ಹುಳುವಿನ ಉದ್ದ ಸುಮಾರು ಒಂದು ಮಿಲಿಮೀಟರ್. ಅದರ ದ್ವಿಲಿಂಗಿ ಹುಳುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ನರಕೋಶಗಳು 302. ಜೀವವಿಕಾಸ ಹಾಕಿಕೊಟ್ಟ ಲೆಕ್ಕ ಅದು. ಮನುಷ್ಯರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನಮ್ಮ ಜೀನ್‌ಗಳು ಮಾತ್ರ ಸುಮಾರು 20,000. ಯಾವ ಕೋಶ ಯಾವುದಕ್ಕೆ ಕೂಡಬೇಕು ಎಂದು ಒಂದೊಂದನ್ನೂ ಅವುಗಳಲ್ಲಿ ಬರೆದಿಡಲು ಜಾಗವೇ ಸಾಲದು.

ಕಲಿಕೆಯೂ ನರಗಳನ್ನು ತಿದ್ದುತ್ತದೆ. ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಇದನ್ನು ಅಪ್ಲೀಸಿಯ ಎಂಬ ಕಡಲಜೀವಿಯಲ್ಲಿ ತೋರಿಸಿದರು, 2000ದಲ್ಲಿ ನೊಬೆಲ್ ಪಡೆದರು. ಆ ಜೀವಿಯನ್ನು ಮುಟ್ಟಿದರೆ ಕಿವಿರು ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮೆತ್ತಗೆ ಮುಟ್ಟಿದರೆ ಅಷ್ಟಾಗಿ ಲೆಕ್ಕಿಸುವುದಿಲ್ಲ. ಒಂದೇ ಸಮನೆ ಕಲಿಸಿದ್ದಕ್ಕಿಂತ ನಡುವೆ ಬಿಡುವು ಕೊಟ್ಟು ಕಲಿಸಿದ್ದು ಜಾಸ್ತಿ ಕಾಲ ಉಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ಕೂರಿಸುವವರು ಇದನ್ನು ಎರಡು ಸಲ ಓದಿ.

ಹುಟ್ಟಿಗೂ ಕಲಿಕೆಗೂ ನಡುವಿನದ್ದನ್ನು, ಅಂದರೆ ಬೆಳವಣಿಗೆಯನ್ನು, ಬೇಕಂತಲೇ ಕೊನೆಗಿಟ್ಟೆ. ಎಳೆಯ ಮಿದುಳು ಬೇಕಾದ್ದಕ್ಕಿಂತ ಹೆಚ್ಚು ಜೋಡಣೆಗಳನ್ನು ಮಾಡಿಕೊಳ್ಳುತ್ತದೆ. ಆಮೇಲೆ ಬಳಸದ ಎಷ್ಟೋ ಜೋಡಣೆಗಳು ಕಳಚಿ ಹೋಗುತ್ತವೆ. 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲವು ವಾರ ಮುಚ್ಚಿಟ್ಟರು. ಮರಿಗಳನ್ನು ನೆನೆದರೆ ನನಗೆ ಈಗಲೂ ಪಾಪ ಅನಿಸುತ್ತದೆ. ಕಣ್ಣು ಬಿಡಿಸಿದಾಗ ಅದು ಚೆನ್ನಾಗಿಯೇ ಇತ್ತು. ಆದರೆ ಮಿದುಳಿನಲ್ಲಿ ಆ ಕಣ್ಣಿನ ಮಾತು ಕೇಳುವ ಕೋಶಗಳೇ ಹೆಚ್ಚು ಉಳಿದಿರಲಿಲ್ಲ. ಅದರ ಜಾಗವನ್ನು ಇನ್ನೊಂದು ಕಣ್ಣು ಹಿಡಿದಿತ್ತು. ಬೆಳೆದ ಬೆಕ್ಕಿಗೆ ಹಾಗೇ ಮಾಡಿದರೆ ಇಂಥ ತೊಂದರೆ ಕಾಣಲಿಲ್ಲ.

ನಮ್ಮ ಮಕ್ಕಳಿಗೂ ಇಂಥದ್ದು ಆಗುವುದುಂಟು. ಒಂದು ಕಣ್ಣು ಮಂಜಾಗಿದ್ದರೆ ಮಿದುಳು ಅದನ್ನು ಕಡೆಗಣಿಸತೊಡಗುತ್ತದೆ. ಇನ್ನೊಂದು ಕಣ್ಣು ಕೆಲಸ ನಡೆಸುವುದರಿಂದ ಮಗು ದೂರುವುದೇ ಇಲ್ಲ. ಚಿಕ್ಕಂದಿನಲ್ಲೇ ಕನ್ನಡಕವೋ, ಒಳ್ಳೆಯ ಕಣ್ಣಿಗೆ ಪಟ್ಟಿಯೋ ಹಾಕಿದರೆ ಬಹಳಷ್ಟು ಸುಧಾರಿಸುತ್ತದೆ. ತಡವಾದಷ್ಟೂ ಕಷ್ಟ.

ಅದಕ್ಕೇ ಮುಂದಿನ ಶನಿವಾರ ಬೆಳಗ್ಗೆ ಒಂದರಿಂದ ಮೂರನೇ ತರಗತಿಯವರಿಗೆ ಶಾಲೆಯಲ್ಲೇ ಕಣ್ಣಿನ ತಪಾಸಣೆ ಇಟ್ಟಿದ್ದೇವೆ. ಒಂದೊಂದೇ ಕಣ್ಣನ್ನು ಮುಚ್ಚಿ ನೋಡುತ್ತಾರೆ. ಕನ್ನಡಕ ಇರುವ ಮಕ್ಕಳು ಮರೆಯದೆ ತರಲಿ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ