ಮಗು ಮಲಗುವ ಹೊತ್ತಿಗೆ ಕೇಕ್ ಕಟ್ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಮೊದಲೆಲ್ಲ ಬ್ಲೌಸು, ಚೂಡಿದಾರವೇ ಜಾಸ್ತಿ ಬರುತ್ತಿತ್ತು. ಈಗ ನಾಲ್ಕೈದು ವರ್ಷದಿಂದ ಮಕ್ಕಳ ಬರ್ತ್‌ಡೇ ಫ್ರಾಕುಗಳೇ ಜಾಸ್ತಿ. ಯಾವ ಮನೆಯ ಮಗುವಿಗೆ ಯಾವಾಗ ಹುಟ್ಟುಹಬ್ಬ, ಹಾಲ್ ಎಲ್ಲಿ, ಥೀಮ್ ಯಾವ ಬಣ್ಣದ್ದು ಅಂತ ನನಗೆ ಎರಡು ತಿಂಗಳ ಮೊದಲೇ ಗೊತ್ತಾಗಿರುತ್ತದೆ. ಹೊಟ್ಟೆಪಾಡು ಇದರಿಂದಲೇ ನಡೆಯುತ್ತಿದೆ, ಆದರೂ ಮನಸ್ಸು ತಡೆಯದೆ ಈ ಪತ್ರ ಬರೆಯುತ್ತಿದ್ದೇನೆ.

ಹೋದ ತಿಂಗಳು ಒಂದು ಮಗುವಿನ ಮೊದಲನೇ ವರ್ಷದ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಸೊಂಟದ ಹತ್ತಿರ ಸ್ವಲ್ಪ ಬಿಗಿಯಾಗಿದೆ, ನೀವೇ ಬಂದು ನೋಡಿ ಅಕ್ಕಾ ಅಂತ ತಾಯಿ ಫೋನ್ ಮಾಡಿದ್ದಳು, ಅದಕ್ಕೇ ಸೂಜಿದಾರ ಹಿಡಿದುಕೊಂಡು ಬೇಗ ಹೋದೆ. ಕಾರ್ಡಿನಲ್ಲಿ ಆರೂವರೆ ಅಂತ ಇತ್ತು. ಕೇಕ್ ಕಟ್ ಮಾಡಿದ್ದು ಒಂಬತ್ತು ಗಂಟೆಗೆ. ಯಾರೋ ದೊಡ್ಡವರು ಬರಬೇಕಿತ್ತು, ಫೋಟೋದವರಿಗೆ ಲೈಟ್ ಸರಿಯಾಗಬೇಕಿತ್ತು. ಅಷ್ಟರಲ್ಲಿ ಮಗು ಅತ್ತೂ ಅತ್ತೂ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅದನ್ನು ಎಬ್ಬಿಸಿದರು. ಮುಖಕ್ಕೆ ನೀರು ಚಿಮುಕಿಸಿದರು. ತಲೆಯ ಮೇಲಿನ ಕಿರೀಟ ಕಣ್ಣಿಗೆ ಜಾರಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಅಪ್ಪ ಅದರ ಕೈ ಹಿಡಿದು ಚಾಕು ಒತ್ತಿಸಿದರು. ಸರಿಯಾಗಿ ಅದೇ ಹೊತ್ತಿಗೆ ತಲೆಯ ಹತ್ತಿರ ಪಾರ್ಟಿ ಪಾಪರ್ ಸಿಡಿಯಿತು. ಮಗು ಬೆಚ್ಚಿಬಿದ್ದು ಕಿರುಚಿದ್ದು ಆ ಡಿಜೆ ಗದ್ದಲದಲ್ಲಿ ಎಷ್ಟು ಜನಕ್ಕೆ ಕೇಳಿಸಿತೋ ಗೊತ್ತಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನನಗೆ ಕೇಳಿಸಿತು.

ಮನೆಗೆ ಹೋಗುವ ಮುಂಚೆ ಮಗುವಿನ ಫ್ರಾಕ್ ಬಿಚ್ಚಲು ತಾಯಿಗೆ ಸಹಾಯ ಮಾಡಿದೆ. ಸೊಂಟದ ಸುತ್ತ ಕೆಂಪಗೆ ಗೀರು ಬಿದ್ದಿತ್ತು. ಫ್ರಾಕ್ ಛತ್ರಿಯ ಹಾಗೆ ಅರಳಿ ನಿಲ್ಲಲಿ ಅಂತ ಒಳಗೆ ಕ್ಯಾನ್‌ಕ್ಯಾನ್ ನೆಟ್ ಹಾಕುತ್ತೇವೆ. ಅದರ ಅಂಚು ಚುಚ್ಚುತ್ತದೆ. ನಾನು ಯಾವಾಗಲೂ ಹತ್ತಿ ಲೈನಿಂಗ್ ಕೊಟ್ಟೇ ಹೊಲಿಯುವುದು, ಆದರೆ ಮೂರು ತಾಸು ಎತ್ತಿ ಇಳಿಸಿ ಮಾಡಿದರೆ ಯಾವ ಲೈನಿಂಗ್ ತಾನೇ ಜಾಗದಲ್ಲಿ ನಿಲ್ಲುತ್ತದೆ? ಆ ಕೆಂಪು ಗೀರು ನನ್ನ ಕೈಕೆಲಸದಿಂದ ಆದದ್ದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ತಂದೆ ತಾಯಿಯನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು ಅದು. ಅವರ ಖುಷಿ ನನಗೆ ಅರ್ಥವಾಗುತ್ತದೆ. ನಾನೂ ಅದನ್ನೇ ಮಾಡಿದವಳು. ನನ್ನ ಮಗನ ಮೊದಲನೇ ಹುಟ್ಟುಹಬ್ಬಕ್ಕೆ ಸಂಘದಲ್ಲಿ 40 ಸಾವಿರ ಸಾಲ ಎತ್ತಿ ಹಾಲ್ ಮಾಡಿಸಿದೆ, ನೂರೈವತ್ತು ಜನಕ್ಕೆ ಊಟ ಹಾಕಿಸಿದೆ. ವಾರಕ್ಕೆ 450 ರೂಪಾಯಿಯಂತೆ ಎರಡು ವರ್ಷ ಕಟ್ಟಿದೆ. ಆ ಎರಡು ವರ್ಷ ರಾತ್ರಿ ಹನ್ನೊಂದರವರೆಗೆ ಮಿಷನ್ ತುಳಿದಿದ್ದೇನೆ. ಮಗ ಅಮ್ಮಾ ಅಂತ ಬಂದರೆ ಸುಮ್ನೆ ಮಲಗು ಹೋಗು ಅಂತ ಗದರಿಸಿದ್ದೂ ಇದೆ. ಅವನ ಹೆಸರಲ್ಲಿ ಮಾಡಿದ ಸಾಲವನ್ನು ಅವನ ಜೊತೆ ಕಳೆಯಬೇಕಿದ್ದ ಹೊತ್ತಿನಿಂದ ತೀರಿಸಿದೆ.

ಈಗ ಅವನಿಗೆ ಹನ್ನೆರಡು ವರ್ಷ. ಆ ಪಾರ್ಟಿಯ ಆಲ್ಬಮ್ ತೋರಿಸಿದರೆ ಇವರೆಲ್ಲ ಯಾರಮ್ಮಾ ಅಂತಾನೆ. ಅವನಿಗೆ ನೆನಪಿರುವುದು ಆರನೇ ವರ್ಷದ್ದು. ಅವತ್ತು ಕೈಯಲ್ಲಿ ದುಡ್ಡಿರಲಿಲ್ಲ, ಓಣಿಯ ಏಳು ಮಕ್ಕಳನ್ನು ಮನೆಗೆ ಕರೆದಿದ್ದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಶ್ಯಾವಿಗೆ ಪಾಯಸ ಅಷ್ಟೇ. ಸಂಜೆ ಜೋರು ಮಳೆ ಬಂದು ಕರೆಂಟ್ ಹೋಯಿತು. ನಮ್ಮ ಮನೆಯವರು ಗೋಡೆಗೆ ಟಾರ್ಚ್ ಹಿಡಿದು ಬೆರಳಲ್ಲೇ ಮೊಲ, ನಾಯಿ, ಹಕ್ಕಿ ಮಾಡಿ ತೋರಿಸಿದರು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ತಾವೂ ಮಾಡಿದವು. ಪಾಯಸದ ಲೋಟ ಉರುಳಿತು, ಯಾರೂ ಬೈಯಲಿಲ್ಲ. ಇವತ್ತಿಗೂ ಅದು ಅವನಿಗೆ “ಕರೆಂಟ್ ಹೋಗಿದ್ದ ಬರ್ತ್‌ಡೇ”. ಆ ಮಕ್ಕಳಲ್ಲಿ ಇಬ್ಬರು ಈಗಲೂ ಅವನ ಜೀವದ ಗೆಳೆಯರು.

ನಮ್ಮ ಕಡೆ ಮಗುವಿಗೆ ಏನೂ ಮಾಡುತ್ತಿರಲಿಲ್ಲ ಅಂತಲ್ಲ. ಜವಳ ತೆಗೆಸಲು ಬಂಧು ಬಳಗ ಎಲ್ಲ ಸೇರಿ ಮನೆದೇವರಿಗೆ ಹೋಗುತ್ತಿದ್ದೆವು, ನಮ್ಮದು ಉಚ್ಚಂಗಿದುರ್ಗ. ಹುಟ್ಟಿದ ದಿನ ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿ, ಆರತಿ ಎತ್ತಿ, ಅಜ್ಜ ಅಜ್ಜಿಯ ಕಾಲಿಗೆ ಬೀಳಿಸಿ, ಪಾಯಸ ಮಾಡಿದರೆ ಹಬ್ಬ ಆಯಿತು. ಎಲ್ಲ ಮಧ್ಯಾಹ್ನದ ಒಳಗೇ ಮುಗಿಯುತ್ತಿತ್ತು. ಮಗು ಊಟ ಮಾಡಿ ನಿದ್ದೆ ಮಾಡುತ್ತಿತ್ತು. ಈಗಿನ ಪಾರ್ಟಿಯಲ್ಲಿ ಮುಯ್ಯಿ ಪುಸ್ತಕವೇ ಮುಖ್ಯ ಆಗಿದೆ. ಅವರು ನಮಗೆ ಬೆಳ್ಳಿ ಲೋಟ ಕೊಟ್ಟಿದ್ದರು, ನಾವು ಅದಕ್ಕಿಂತ ಕಮ್ಮಿ ಕೊಟ್ಟರೆ ಹೇಗೆ ಅಂತ ದೊಡ್ಡವರ ಲೆಕ್ಕ. ಆ ಲೆಕ್ಕದಲ್ಲಿ ಮಗುವಿಗೆ ಏನು ಕೆಲಸ?

ಇನ್ನೊಂದು ವಿಷಯ ಹೇಳಲೇಬೇಕು. ನನ್ನ ಹತ್ತಿರ ಹೆಮ್ಮಿಂಗ್ ಮಾಡಿ ಹುಕ್ಕು ಹಾಕಿಕೊಡುವ ಹೆಣ್ಣುಮಗಳು ಒಬ್ಬಳಿದ್ದಾಳೆ. ಒಂದು ಬ್ಲೌಸಿಗೆ 30 ರೂಪಾಯಿ ಕೊಡುತ್ತೇನೆ. ಅವಳ ಮಗಳು ಯುಕೆಜಿ. ಒಂದೇ ತಿಂಗಳಲ್ಲಿ ಕ್ಲಾಸಿನಿಂದ ಮೂರು ಕಾರ್ಡ್ ಬಂದವು. ಗಿಫ್ಟಿಗೆ ಕಮ್ಮಿ ಅಂದರೂ 300 ರೂಪಾಯಿ ಬೇಕು, ಅಂದರೆ ಹತ್ತು ಬ್ಲೌಸಿನ ಕೂಲಿ. ಮೊದಲನೆಯದಕ್ಕೆ ಕಳಿಸಿದಳು. ಉಳಿದ ಎರಡಕ್ಕೆ ಮಗಳಿಗೆ ಜ್ವರ ಅಂತ ಸುಳ್ಳು ಹೇಳಿದಳು. ಮಾರನೇ ದಿನ ಎಲ್ಲ ಮಕ್ಕಳ ಹತ್ತಿರವೂ ಒಂದೇ ಥರದ ರಿಟರ್ನ್ ಗಿಫ್ಟ್ ಡಬ್ಬಿ, ಇವಳ ಮಗಳ ಕೈ ಮಾತ್ರ ಖಾಲಿ. “ನಂಗೆ ಜ್ವರ ಬಂದಿರಲಿಲ್ಲ ಅಲ್ವಾ ಅಮ್ಮ?” ಅಂತ ಆ ಮಗು ನನ್ನ ಅಂಗಡಿಯಲ್ಲೇ ಕೇಳಿತು. ತಾಯಿ ತಲೆ ಎತ್ತಲಿಲ್ಲ, ಹುಕ್ಕು ಹಾಕುತ್ತಲೇ ಇದ್ದಳು. ದೊಡ್ಡದಾಗಿ ಮಾಡುವವರು ನಮ್ಮ ದುಡ್ಡು ನಮ್ಮಿಷ್ಟ ಅನ್ನುತ್ತಾರೆ. ಅದು ಪೂರ್ತಿ ನಿಜ ಅಲ್ಲ, ಒಂದು ಕ್ಲಾಸಿನ ಮಕ್ಕಳನ್ನೆಲ್ಲ ಕರೆದಾಗ ಉಳಿದ ಮನೆಗಳ ಜೇಬಿಗೂ ಕೈ ಹಾಕಿದ ಹಾಗೆಯೇ.

ಮೈಗೆ ಆಗುವ ತೊಂದರೆಯೂ ಸಣ್ಣದಲ್ಲ. 2024ರಲ್ಲಿ ನಮ್ಮ ದಾವಣಗೆರೆಯಲ್ಲೇ ವಸ್ತುಪ್ರದರ್ಶನದಲ್ಲಿ ಸ್ಮೋಕ್ ಬಿಸ್ಕತ್ತು (ಲಿಕ್ವಿಡ್ ನೈಟ್ರೋಜನ್ ಹಾಕಿ ಹೊಗೆ ಬರಿಸುವ ಬಿಸ್ಕತ್ತು) ತಿಂದ ಹುಡುಗ ಒದ್ದಾಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ, ಅದೇ ಹೊಗೆ ಬಿಸ್ಕತ್ತನ್ನು ಅದಕ್ಕೂ ಮೊದಲು ಎಷ್ಟೋ ಪಾರ್ಟಿಗಳಲ್ಲಿ ಮಕ್ಕಳಿಗೆ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯವರು 235 ಕೇಕ್ ಮಾದರಿ ಪರೀಕ್ಷೆ ಮಾಡಿದ್ದರು, 12ರಲ್ಲಿ ಕೃತಕ ಬಣ್ಣ ಮಿತಿ ಮೀರಿತ್ತು. ಥೀಮಿಗೆ ಮ್ಯಾಚ್ ಆಗಬೇಕು ಅಂತ ಕಡು ನೀಲಿ, ಕಡು ಕೆಂಪು ಕೇಕ್ ಮಾಡಿಸುವಾಗ ಅದು ನೆನಪಿರಲಿ. ಎಂಟ್ರಿಗೆ ಬಿಡುವ ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಹೊಗೆ ನೆಲದ ಮಟ್ಟದಲ್ಲೇ ಹರಡುತ್ತದೆ, ದೊಡ್ಡವರಿಗೆ ಅದು ಮೊಣಕಾಲು, ಮಗುವಿಗೆ ಮೂಗು. ಒಡೆದ ಬಲೂನಿನ ಚೂರು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಅಂಟಿ ಉಸಿರುಗಟ್ಟುತ್ತದೆ. ಗ್ಯಾಸ್ ಬಲೂನ್ ತರಿಸಿದರೆ ಹೀಲಿಯಮ್ಮೋ ಹೈಡ್ರೋಜನ್ನೋ ಕೇಳಿ. ಹೀಲಿಯಂ ಉರಿಯುವುದಿಲ್ಲ. ಅಗ್ಗ ಅಂತ ಹೈಡ್ರೋಜನ್ ತುಂಬಿದ್ದರೆ ಕೇಕಿನ ಕ್ಯಾಂಡಲ್ ಕಿಡಿಯೊಂದು ಸಾಕು. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್ ಎರಡೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಆದರೂ ಸೋಮವಾರ ಬೆಳಿಗ್ಗೆ ಹಾಲ್‌ಗಳ ಹಿಂದೆ ಪೌರಕಾರ್ಮಿಕರು ಅದನ್ನೇ ಚೀಲಗಟ್ಟಲೆ ಎತ್ತುತ್ತಿರುತ್ತಾರೆ.

ಹಾಗಂತ ಹುಟ್ಟುಹಬ್ಬ ಬೇಡ ಅನ್ನುತ್ತಿಲ್ಲ. ಖಂಡಿತ ಮಾಡಿ. ಹೊಸ ಬಟ್ಟೆ ಹೊಲಿಸಿ, ಮೆತ್ತನೆ ಹತ್ತಿಯದ್ದು, ಮಗು ಕೂತು ಏಳುವಂಥದ್ದು. ಮೂರು ವರ್ಷದ ಮಗುವಿಗೆ ಮೂರು ಮಕ್ಕಳನ್ನು ಕರೆದರೆ ಸಾಕು, ಅದಕ್ಕಿಂತ ಜಾಸ್ತಿ ಮುಖಗಳ ನಡುವೆ ಅದು ಅಮ್ಮನ ಸೆರಗೇ ಹುಡುಕುತ್ತದೆ. ಭಾನುವಾರ ಸಂಜೆ ನಾಲ್ಕಕ್ಕೆ ಕುಂದುವಾಡ ಕೆರೆಯ ಗಾಜಿನ ಮನೆ ಕಡೆ ಕರೆದುಕೊಂಡು ಹೋಗಿ ಓಡಲು ಬಿಡಿ. ಕೆರೆ-ದಡ ಆಡಿಸಿ. ಆರಕ್ಕೆ ಮನೆಗೆ ಬನ್ನಿ. ಬಂಧುಗಳನ್ನೆಲ್ಲ ಕರೆಯಲೇಬೇಕು ಅನ್ನಿಸಿದರೆ ಮಧ್ಯಾಹ್ನದ ಊಟಕ್ಕೆ ಕರೆಯಿರಿ, ಕಾರ್ಡಿನಲ್ಲಿ ಉಡುಗೊರೆ ಬೇಡ ಅಂತ ಹಾಕಿಸಿ. ಶಾಲೆಯವರಿಗೂ ಒಂದು ಮಾತು. ರಿಟರ್ನ್ ಗಿಫ್ಟ್ ಕ್ಲಾಸಿಗೆ ತರಬಾರದು, ಕಾರ್ಡ್ ಕ್ಲಾಸಿನಲ್ಲಿ ಹಂಚಬಾರದು ಅಂತ ಒಂದು ಸುತ್ತೋಲೆ ಕಳಿಸಿದರೆ ನಮ್ಮಂಥ ಎಷ್ಟೋ ಮನೆಗಳು ನಿಮಗೆ ಕೈ ಮುಗಿಯುತ್ತವೆ. ಅದಕ್ಕೆ ಖರ್ಚೇನೂ ಇಲ್ಲ.

ನನ್ನ ಮಟ್ಟಿಗೆ ನಾನೂ ಒಂದು ಶುರು ಮಾಡಿದ್ದೇನೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕ್ಯಾನ್‌ಕ್ಯಾನ್ ಹಾಕಿ ಹೊಲಿಯುವುದಿಲ್ಲ ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಿದೆ. ಈ ವಾರ ಇಬ್ಬರು ಬೇರೆ ಕಡೆ ಹೋದರು. ಒಬ್ಬ ಅಜ್ಜಿ ಮಾತ್ರ ಬೋರ್ಡ್ ಓದಿಸಿ ಕೇಳಿ, ತನ್ನ ಹಳೆಯ ಇಳಕಲ್ ಸೀರೆ ತಂದು ಟೇಬಲ್ ಮೇಲಿಟ್ಟು, ಮೊಮ್ಮಗಳಿಗೆ ಇದರಲ್ಲೇ ಲಂಗ ಹೊಲಿದುಕೊಡವ್ವ ಅಂದರು. ಗುರುವಾರ ಕೊಡಬೇಕು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ದಾವಣಗೆರೆ