ಕುಮಾರ ಪರ್ವತ ಹತ್ತಿಸಿದ ಅತ್ತಿಗೆಗೆ, ಮತ್ತೆ ಉಳಿದವರಿಗೆಲ್ಲ

ಕುಮಾರ ಪರ್ವತ ಹತ್ತಿ ಇಳಿದು ಬಂದಾಯ್ತು, ಆಫೀಸಿನ ಮೆಟ್ಟಿಲನ್ನು ಈಗ್ಲೂ ರೇಲಿಂಗ್ ಹಿಡ್ಕೊಂಡು ಅಡ್ಡ ಅಡ್ಡ ಇಳೀತಿದ್ದೇನೆ, ನೋಡಿದವರು ನಗ್ತಿದ್ದಾರೆ, ನಗ್ಲಿ. ಸ್ಟೇಟಸ್‌ಗೆ ಹಾಕಿದ ಫೋಟೋ ನೋಡಿ ತುಂಬಾ ಜನ ಕಂಗ್ರಾಟ್ಸ್ ಹೇಳಿದ್ರಿ, ಖುಷಿ ಆಯ್ತು, ಆದ್ರೆ ಅದ್ರಲ್ಲಿ ನಾನೊಬ್ಬಳೇ ಕಾಣುವುದು ಯಾಕಂದ್ರೆ ಫೋಟೋ ತೆಗ್ದದ್ದು ಅತ್ತಿಗೆ. ಅವರ ಬಗ್ಗೆ ಒಂದು ಸಾಲಿನಲ್ಲಿ ಥ್ಯಾಂಕ್ಸ್ ಹೇಳಿ ಮುಗಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿದ್ದವರು ಓದಿ.

ನಮ್ಮ ಅತ್ತಿಗೆ ಅಂದ್ರೆ ಅಣ್ಣನ ಹೆಂಡತಿ, ಇರುವುದು ಸುರತ್ಕಲ್‌ನಲ್ಲಿ. ಕಾಲೇಜಿಗೆ ಹೋಗುವಾಗಿನಿಂದ ಘಟ್ಟ ಸುತ್ತಿದವರು, ಕುದುರೆಮುಖ, ಕೊಡಚಾದ್ರಿ, ನರಸಿಂಹ ಪರ್ವತ, ಬಲ್ಲಾಳರಾಯನ ದುರ್ಗ ಎಲ್ಲ ಅವರಿಗೆ ನಮಗೆ ಮಲ್ಪೆ ಹೇಗೋ ಹಾಗೆ. ನಾನೋ, ಉಡುಪಿಯಲ್ಲಿ ಹುಟ್ಟಿ ಇಲ್ಲೇ ನಲವತ್ತು ದಾಟಿದವಳು, ಮಳೆ ಬಿಟ್ಟ ಮೇಲೆ ಮಣಿಪಾಲದಿಂದ ಮೂಡು ದಿಕ್ಕಿಗೆ ನೋಡಿದ್ರೆ ನೀಲಿ ನೀಲಿ ಕಾಣುವ ಘಟ್ಟದ ಸಾಲನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಕುಮಾರ ಪರ್ವತಕ್ಕೆ ಹೋಗುವ ಅಂತ ನಾನು ಹೇಳಿದಾಗ ಅವರು ಕೂಡ್ಲೇ ಹೂಂ ಅನ್ಲಿಲ್ಲ, "ಮೊದಲಿಗೆ ಕೊಡಚಾದ್ರಿ ಆಗ್ಲಿ ಮಾರಾಯ್ತಿ" ಅಂದ್ರು. ನನಗೆ ಹಟ. ಕೊನೆಗೆ, ಹೇಳಿದ ಹಾಗೆ ತಯಾರಿ ಮಾಡಿದ್ರೆ ಮಾತ್ರ ಅಂತ ಕಂಡೀಷನ್ ಹಾಕಿದ್ರು.

ಆ ತಯಾರಿ ಉಂಟಲ್ಲ, ಅದೇ ಒಂದು ದೊಡ್ಡ ಕಥೆ. ವಾಕಿಂಗ್ ಎಲ್ಲ ಲೆಕ್ಕಕ್ಕೇ ಇಲ್ಲ ಅಂತೆ, ಹತ್ತಬೇಕು ಇಳೀಬೇಕು, ಬೆನ್ನಲ್ಲಿ ಭಾರ ಇರ್ಬೇಕು. ಹಾಗೆ ಬ್ಯಾಗಿಗೆ ಎರಡು ಲೀಟರಿನ ನೀರಿನ ಬಾಟ್ಲಿಗಳನ್ನು ತುಂಬಿಸಿ ಕಾರ್ಕಳದ ಬಾಹುಬಲಿ ಬೆಟ್ಟದ ಮೆಟ್ಟಿಲು ಹತ್ತಿಸಿದ್ರು. 1432ರಿಂದ ಅಲ್ಲಿ ನಿಂತಿರುವ 42 ಅಡಿಯ ಗೊಮ್ಮಟನಿಗೆ ಕೈ ಮುಗಿಯುವುದು, ಕೆಳಗೆ ಇಳಿಯುವುದು, ಉಸಿರು ಬಿಟ್ಟು ಮತ್ತೆ ಹತ್ತುವುದು. ಅಲ್ಲಿ ಬಂದ ಟೂರಿಸ್ಟ್‌ಗಳು ನಮ್ಮನ್ನು ಏನೋ ಹರಕೆ ಅಂತ ತಿಳ್ಕೊಂಡಿರ್ಬೇಕು. ಇಳಿಯುವಾಗ ಮೊಣಕಾಲು ಗಂಟು ನೆಟ್ಟಗೆ ಮಾಡ್ಬೇಡ, ಸ್ವಲ್ಪ ಬಗ್ಗಿಸಿಯೇ ಇಡು, ಹೆಜ್ಜೆ ಸಣ್ಣದು ಹಾಕು, ಹೊಸ ಶೂ ಹಾಕ್ಕೊಂಡು ಸೀದಾ ಬೆಟ್ಟಕ್ಕೆ ಬರ್ಬೇಡ, ಕಾಲಿನ ಉಗುರು ಕತ್ತರಿಸು ಇಲ್ದಿದ್ರೆ ಇಳಿಯುವಾಗ ಶೂಗೆ ಒತ್ತಿ ಕಪ್ಪಾಗ್ತದೆ, ಹೀಗೆ ಒಂದೊಂದೇ. ಅಷ್ಟೆಲ್ಲ ಯಾಕೆ ಅಂತ ಆಗ ಅನಿಸಿತ್ತು. ನಾವು ಹತ್ಲಿಕ್ಕೆ ಶುರು ಮಾಡುವ ಕುಕ್ಕೆ ಇರುವುದು ತೀರಾ ತಗ್ಗಿನಲ್ಲಿ, ಕುಮಾರ ಪರ್ವತದ ತುದಿ 1712 ಮೀಟರ್, ನಡುವಿನದ್ದನ್ನೆಲ್ಲ ಕಾಲಲ್ಲೇ ಹತ್ತಬೇಕು ಗೊತ್ತುಂಟಾ. ಮುಳ್ಳಯ್ಯನಗಿರಿ ಅದಕ್ಕಿಂತ ಎತ್ತರ ಇದ್ರೂ ಅಲ್ಲಿಗೆ ಹತ್ತಿರದವರೆಗೆ ಗಾಡಿ ಹೋಗ್ತದೆ.

ಆನ್‌ಲೈನ್ ಬುಕಿಂಗ್, ಪರ್ಮಿಷನ್ನು ಎಲ್ಲ ಅತ್ತಿಗೆಯೇ ನೋಡ್ಕೊಂಡ್ರು. (ಹೋಗುವವರು ಅರಣ್ಯ ಇಲಾಖೆಯ ಆಗಿನ ನಿಯಮ ನೋಡಿಯೇ ಹೊರಡಿ, ಮಳೆಗಾಲದಲ್ಲಿ ಬಂದ್ ಇರ್ತದೆ.) ಮಂಗಳೂರಿನಿಂದ ಬಿ.ಸಿ.ರೋಡು, ಉಪ್ಪಿನಂಗಡಿ, ಕಡಬ ಆಗಿ ಕುಕ್ಕೆ, ಸುಬ್ರಹ್ಮಣ್ಯನಿಗೆ ಒಂದು ನಮಸ್ಕಾರ, ದೇವರಗದ್ದೆ ಹತ್ರದಿಂದ ಕಾಡಿನ ದಾರಿ. ನವೆಂಬರ್ ಆದ್ರೂ ಕೆಳಗಿನ ಕಾಡಲ್ಲಿ ಉಂಬಳ ಇನ್ನೂ ಇತ್ತು, ಅತ್ತಿಗೆ ಉಪ್ಪಿನ ಪೊಟ್ಟಣ ಕಟ್ಟಿ ತಂದಿದ್ರು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಬಿದ್ದು ಹೋದ ಮೇಲೂ ರಕ್ತ ನಿಲ್ಲುವುದಿಲ್ಲ, ನಾನು ಹೆದರಿ ಬೊಬ್ಬೆ ಹೊಡ್ದೆ. "ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡ್ತದೆ, ಸ್ವಲ್ಪ ಹೊತ್ತಲ್ಲಿ ತನ್ನಷ್ಟಕ್ಕೆ ನಿಲ್ತದೆ, ನಡಿ" ಅಂತ ಅಷ್ಟೇ.

ಇನ್ನು ನಾನು ನಿಜವಾಗಿ ಹೇಳ್ಬೇಕು ಅಂತಿದ್ದ ವಿಷಯ. ಬೆಟ್ಟ ಹತ್ತುವಾಗ ಎದುರು ಸಿಗುವ ಎಲ್ಲರೂ ಒಂದು ಸುಳ್ಳು ಹೇಳ್ತಾರೆ, "ಇನ್ನು ಸ್ವಲ್ಪ, ಇಲ್ಲೇ ಹತ್ರ." ದಾರಿಯಲ್ಲಿ ಸಿಗುವ ಭೀಮನ ಬಂಡೆ ಹತ್ರವೇ ಒಬ್ರು ಹೇಳಿದ್ರು, ನಾವು ರಾತ್ರಿ ಉಳೀಲಿಕ್ಕಿದ್ದ ಗಿರಿಗದ್ದೆಯ ಭಟ್ರ ಮನೆ ಇಲ್ಲೇ ಅಂತ. ಒಳ್ಳೆ ಮನಸ್ಸಿನಿಂದಲೇ ಹೇಳುವುದು, ಗೊತ್ತುಂಟು, ಆದ್ರೆ ನಂಬಿ ಜೋರು ನಡ್ದವರ ಕತೆ ಮುಗೀತು. ಅತ್ತಿಗೆ ಒಮ್ಮೆಯೂ ಹಾಗೆ ಹೇಳ್ಲಿಲ್ಲ. ಎಷ್ಟು ಉಂಟು ಅಂತ ಕೇಳಿದ್ರೆ ಉಂಟಾದಷ್ಟೇ ಹೇಳುವುದು, ಅದೂ ಅವರ ಸ್ಪೀಡಿನ ಲೆಕ್ಕ ಅಲ್ಲ, ನನ್ನ ಸ್ಪೀಡಿನ ಲೆಕ್ಕ. ಮತ್ತೆ ಅವರು ಎದುರು ನಡೀಲೇ ಇಲ್ಲ, ಇಡೀ ದಾರಿ ನನ್ನ ಹಿಂದೆ. ಎದುರು ಹೋದ್ರೆ ನೀನು ನನ್ನನ್ನು ಹಿಡೀಲಿಕ್ಕೆ ಓಡ್ತಿ ಅಂದ್ರು. ಹತ್ತುವಾಗ ನನ್ನತ್ರ ಮಾತಾಡಿಸ್ತಾ ಇದ್ರು, ಮಗಳ ಪಿಯುಸಿ, ಅತ್ತೆಯ ಗಂಟು ನೋವು, ಆಫೀಸಿನ ರಾಜಕೀಯ. ಮಾತು ತುಂಡಾಗ್ಲಿಕ್ಕೆ ಶುರುವಾಯ್ತಾ, ಅಂದ್ರೆ ನಾನು ಜೋರು ಹೋಗ್ತಿದ್ದೇನೆ ಅಂತ ಲೆಕ್ಕ, ಮೆಲ್ಲ ಅನ್ನುವುದು. ಟೈಮ್‌ಪಾಸ್‌ಗೆ ಮಾತಾಡಿಸ್ತಾರೆ ಅಂತ ನಾನು ತಿಳ್ಕೊಂಡದ್ದು, ಅದು ಮೀಟರ್ ಅಂತ ಗಿರಿಗದ್ದೆ ಮುಟ್ಟಿದ ಮೇಲೆ ಹೇಳಿದ್ರು!

ಗಿರಿಗದ್ದೆ ಭಟ್ರ ಮನೆಯವರಿಗೆ ಥ್ಯಾಂಕ್ಸ್ ಹೇಳದಿದ್ರೆ ಪಾಪ ಬರ್ತದೆ. ಆ ಕಾಡಿನ ನಡುವೆ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿ. ಅಲ್ಲಿಗೆ ಏನೇ ಬರ್ಬೇಕಾದ್ರೂ ನಾವು ಹತ್ತಿದ ಹಾಗೆ ಹತ್ತಿಯೇ ಬರ್ಬೇಕು ಅಂತ ನೆನಪಾದಾಗ ಒಂದು ಅಗಳೂ ಬಿಡ್ಲಿಕ್ಕೆ ಮನಸ್ಸಾಗ್ಲಿಲ್ಲ. ರಾತ್ರಿ ನಿದ್ದೆ ಅಂತ ಹೇಳುವಷ್ಟು ಏನೂ ಬರ್ಲಿಲ್ಲ, ಚಳಿ, ಪಕ್ಕದಲ್ಲಿ ಬೆಂಗಳೂರಿನ ಹುಡುಗರ ಗೊರಕೆ, ನನ್ನ ಕಾಲು ಬೇರೆ ತನ್ನಷ್ಟಕ್ಕೆ ಎಳೀತಾ ಇತ್ತು. ಮಲಗುವ ಮೊದಲು ಅತ್ತಿಗೆ ಮರುದಿನದ್ದೆಲ್ಲ ಬಿಡಿಸಿ ಹೇಳಿದ್ರು: ಚೆಕ್‌ಪೋಸ್ಟ್ ದಾಟಿದ್ರೆ ನೆರಳು ಇಲ್ಲ, ಕಲ್ಲು ಮಂಟಪದವರೆಗೆ ಬರೀ ಹುಲ್ಲುಗುಡ್ಡ, ಮತ್ತೆ ಶೇಷ ಪರ್ವತ, ಅಲ್ಲಿ ಮುಟ್ಟಿದಾಗ ಮುಗೀತು ಅಂತ ಕಾಣ್ತದೆ ಆದ್ರೆ ಮುಗಿದಿರುವುದಿಲ್ಲ, ಅಲ್ಲಿಂದ ಇಳೀಲಿಕ್ಕುಂಟು, ಕಾಡು ಉಂಟು, ಮತ್ತೆ ಬಂಡೆ ಹತ್ಲಿಕ್ಕುಂಟು. ಹನ್ನೆರಡು ಗಂಟೆಗೆ ಎಲ್ಲಿದ್ದರೂ ಅಲ್ಲಿಂದಲೇ ವಾಪಸ್, ತುದಿ ಕೈಗೆ ಸಿಗುವಷ್ಟು ಹತ್ರ ಇದ್ರೂ ವಾಪಸ್, ಅದರಲ್ಲಿ ಚರ್ಚೆ ಇಲ್ಲ.

ಕಲ್ಲು ಮಂಟಪ ಕಳೆದು ಮೇಲೆ ಹೋಗುವಾಗ ನಾನು ಕೂತುಬಿಟ್ಟೆ. ಬಿಸಿಲು ಬೆನ್ನು ಸುಡ್ತಿತ್ತು, ತೊಡೆ ನಡುಗ್ತಿತ್ತು, ಕಣ್ಣಲ್ಲಿ ನೀರು ಬಂತು, ಬಂತು ಅಂತಲೇ ಹೇಳ್ತೇನೆ. ಎಷ್ಟುಂಟು ಅತ್ತಿಗೆ ಅಂತ ಕೇಳಿದೆ. ಬೇರೆಯವರಾಗಿದ್ರೆ ಅಲ್ಲಿ ಖಂಡಿತ ಸುಳ್ಳು ಹೇಳ್ತಿದ್ರು. ಅವರು ಬೆಲ್ಲ, ನೆಲಗಡಲೆ ಕೈಗೆ ಕೊಟ್ಟು, ಓಆರ್‌ಎಸ್ ಕುಡಿಸಿ, ಪಕ್ಕ ಕೂತು, "ಸರಿಯಾಗಿ ಉಂಟು. ನಿನ್ನ ನಡಿಗೆಗೆ ಎರಡು ಗಂಟೆ. ಟೈಮ್ ಸಾಕಾಗ್ತದೆ, ಕಾಲಲ್ಲಿ ಉಂಟಾ ಇಲ್ವಾ ನೀನೇ ಹೇಳ್ಬೇಕು. ಇಳಿಯುವ ಅಂದ್ರೆ ಇಳಿಯುವ, ನನಗೆ ಬೇಜಾರಿಲ್ಲ, ನಾನು ನೋಡಿದ ಬೆಟ್ಟವೇ" ಅಂದ್ರು. ಮತ್ತೆ ಸುಮ್ನೆ ಕೂತ್ರು. ಧೈರ್ಯ ಗಿರ್ಯ ಅಂತ ಒಂದು ಡೈಲಾಗ್ ಇಲ್ಲ. ಎರಡು ಗಂಟೆ ಅಂತ ಗೊತ್ತಾದ ಮೇಲೆ ನನಗೆ ಯಾಕೋ ಸಲೀಸಾಯ್ತು, ಎದ್ದೆ. ಶೇಷ ಪರ್ವತದಲ್ಲಿ ಆ ಬೆಂಗಳೂರಿನ ಹುಡುಗರು ಎದುರಿನ ಗುಡ್ಡ ನೋಡಿ "ಅಯ್ಯೋ ಇನ್ನೂ ಇದ್ಯಾ" ಅಂತ ತಲೆ ಮೇಲೆ ಕೈ ಹೊತ್ಕೊಂಡಾಗ ನಾನು ದೊಡ್ಡ ತಿಳಿದವಳ ಹಾಗೆ ಹೂಂ, ಇಳಿದು ಹತ್ಲಿಕ್ಕುಂಟು ಅಂದೆ. ಕೊನೆಯ ಬಂಡೆಯಲ್ಲಿ ಬಲಗಾಲು ಅಲ್ಲಿ, ಎಡಗೈ ಇಲ್ಲಿ ಅಂತ ಹಿಂದಿನಿಂದ ಹೇಳಿ ಹೇಳಿ ಹತ್ತಿಸಿದ್ರು, ಹನ್ನೆರಡಕ್ಕೆ ಮೊದಲೇ ತುದಿ. ಮೋಡ ಬಂದು ಬಂದು ಹೋಗ್ತಿತ್ತು, ಸೋಮವಾರಪೇಟೆ ಕಡೆ ಬೀದಳ್ಳಿಯಿಂದ ಹತ್ತಿದವರು ನಗಾಡಿಕೊಂಡು ಕೂತಿದ್ರು, ಆ ಕಡೆ ಹತ್ತುವುದು ಕಮ್ಮಿ ಅಂತೆ. ಅದನ್ನು ಮಾತ್ರ ಅತ್ತಿಗೆ ಮೊದಲೇ ಹೇಳಿರ್ಲಿಲ್ಲ.

ಇಳಿದದ್ದು ಬರೀಲಿಕ್ಕೆ ಹೋಗುವುದಿಲ್ಲ, ಹತ್ತಿದ್ದಕ್ಕಿಂತ ಕಷ್ಟ, ಅಷ್ಟೇ. ನನ್ನ ಬ್ಯಾಗಿನ ಅರ್ಧ ಸಾಮಾನು ಯಾವಾಗ ಅವರ ಬ್ಯಾಗಿಗೆ ಹೋಯ್ತೋ ಗೊತ್ತಿಲ್ಲ. ಅರಣ್ಯ ಇಲಾಖೆಯ ಗಾರ್ಡುಗಳಿಗೆ, ತನ್ನ ಕೋಲು ನನಗೆ ಕೊಟ್ಟು "ಆಂಟಿ ಇಟ್ಕೊಳ್ಳಿ" ಅಂದ ಹುಡುಗನಿಗೆ (ಆಂಟಿ ಅಂದದ್ದು ಕ್ಷಮಿಸಿದ್ದೇನೆ), ಬಸ್ಸಿನಲ್ಲಿ ಎದ್ದು ಸೀಟ್ ಬಿಟ್ಟ ಅಮ್ಮನಿಗೆ, ಮನೆ ನೋಡ್ಕೊಂಡ ನಮ್ಮವರಿಗೆ, ಹುಚ್ಚು ನಿನಗೆ ಅಂತ ಬೈತಾ ಬೈತಾ ಅವಲಕ್ಕಿ ಒಗ್ಗರಣೆ ಹಾಕಿ ಡಬ್ಬಿ ತುಂಬಿಸಿ ಕೊಟ್ಟ ನಮ್ಮ ಅತ್ತೆಗೆ, ಎಲ್ಲರಿಗೂ ಥ್ಯಾಂಕ್ಸ್.

ಅತ್ತಿಗೆ, ಇದನ್ನು ಓದಿ ನೀವು "ಎಂತ ಇಷ್ಟುದ್ದ ಬರ್ದದ್ದು" ಅಂತ ಫೋನ್ ಮಾಡ್ತೀರಿ ಅಂತ ಗೊತ್ತು. ತಲೆಗೆ ಕಟ್ಟುವ ನಿಮ್ಮ ಟಾರ್ಚ್ ನನ್ನ ಬ್ಯಾಗಲ್ಲೇ ಬಾಕಿ ಆಗಿದೆ. ಆದಿತ್ಯವಾರ ಬನ್ನಿ, ಕೋರಿರೊಟ್ಟಿ ಮಾಡ್ತೇನೆ. ಅಣ್ಣನಿಗೂ ಹೇಳಿ, ಬೆಟ್ಟಕ್ಕೆ ಕರೆದ್ರೆ ಬರದಿದ್ರೂ ಇದಕ್ಕೆ ಬರ್ತಾನೆ.