ಗ್ರೀನ್‌ಗೆ ತೂತು ಹೊಡೆಯೋ ತಾರೀಖು ಬುಕಿಂಗ್ ಟೈಮಲ್ಲೇ ಹೇಳ್ಬೇಕು

ಮಾನ್ಯ ಸಂಪಾದಕರೇ,

ರಜೆ ಸೀಸನ್ ಹತ್ರ ಬಂತು ಅಂದ್ರೆ ನಿಮ್ಮ ಪ್ರವಾಸ ಪುಟದಲ್ಲಿ ಗಾಲ್ಫ್ ರೆಸಾರ್ಟ್ ಪ್ಯಾಕೇಜ್‌ಗಳ ಬಗ್ಗೆ ಬರ್ತಾನೇ ಇರುತ್ತೆ, ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ರೂಮು, ಕೋರ್ಸಲ್ಲಿ ಓಡಾಡೋ ಗಾಡಿ, ದಿನಕ್ಕೊಂದು ರೌಂಡು, ಪಕ್ಕದಲ್ಲಿ ನುಣ್ಣಗಿರೋ ಗ್ರೀನಿನ, ಅಂದ್ರೆ ಹೋಲಿನ ಸುತ್ತ ಹುಲ್ಲು ತುಂಬಾ ಸಣ್ಣಗೆ ಕತ್ತರಿಸಿರೋ ಜಾಗದ, ದೊಡ್ಡ ಫೋಟೋ. ಅದನ್ನ ನೋಡಿ ಹಣ ಕಟ್ಟೋ ಜೋಡಿಗಳ ಪರವಾಗಿ ಈ ಪತ್ರ ಬರೀತಿದ್ದೀನಿ. ಆ ಫೋಟೋದಲ್ಲಿರೋ ಗ್ರೀನು ನಾವು ಹೋಗೋ ವಾರದಲ್ಲೂ ಹಾಗೇ ಇರುತ್ತಾ ಅನ್ನೋದನ್ನ ಹಣ ತಗೊಳೋ ಮುಂಚೆ ಹೇಳ್ಬೇಕು. ನಾನು ಕೇಳ್ತಿರೋದು ಇಷ್ಟೇ.

ನಾನೂ ನಮ್ಮ ಯಜಮಾನ್ರೂ ಈ ಪ್ರವಾಸಕ್ಕೆ ವರ್ಷಗಟ್ಟಲೆ ಕಾದಿದ್ವಿ. ಮೊದಲು ಮಕ್ಕಳ ಪರೀಕ್ಷೆ ಅಂತ ಮುಂದೂಡಿದ್ವಿ, ಆಮೇಲೆ ಅತ್ತೆಯವರಿಗೆ ಹುಷಾರಿರ್ಲಿಲ್ಲ, ಅದು ಮುಗೀತು ಅನ್ನೋಷ್ಟರಲ್ಲಿ ಇವರ ಮಂಡಿ ಆಪರೇಷನ್. ಡಾಕ್ಟ್ರು ಇನ್ನು 18 ಹೋಲ್, ಅಂದ್ರೆ ಪೂರ್ತಿ ಒಂದು ರೌಂಡು, ನಡೀಬಹುದು ಅಂದ ದಿನಾನೇ ಕೂತು ಬುಕ್ ಮಾಡಿದ್ದು. ಗಾಲ್ಫನ್ನೇ ನಂಬಿಕೊಂಡಿರೋ ಊರದು, ಸುತ್ತ ಕೋರ್ಸುಗಳು, ಸಂಜೆ ಎಲ್ಲಿ ಕೂತ್ರೂ ಪಕ್ಕದ ಟೇಬಲ್ಲಲ್ಲಿ ಅವತ್ತಿನ ಸ್ಕೋರ್ ಬಗ್ಗೇನೇ ಮಾತು, ಅಂಥ ಊರಲ್ಲಿ ಒಂದು ವಾರ ಇಬ್ಬರೇ ಆಡ್ಕೊಂಡು ಇರಬೇಕು ಅನ್ನೋದು ನಮ್ಮ ಎಷ್ಟೋ ದಿನದ ಆಸೆ.

ಮೊದಲನೇ ಹೋಲಲ್ಲಿ ಇವರ ಎರಡನೇ ಶಾಟ್ ಚೆನ್ನಾಗಿ ಬಂತು, ಬಾಲು ಗ್ರೀನ್ ಮೇಲೆ ಬಿತ್ತು. ಆದ್ರೆ ಬಿದ್ದ ಬಾಲು ಪುಟಿಯೋ ರೀತಿನೇ ಬೇರೆ ಥರ ಇತ್ತು. ಹತ್ರ ಹೋಗಿ ಬಗ್ಗಿ ನೋಡಿದ್ರೆ ಗ್ರೀನ್ ತುಂಬಾ ಸಾಲುಸಾಲಾಗಿ ತೂತು, ಒಂದೊಂದೂ ಕಿರುಬೆರಳು ಹೋಗೋ ಅಷ್ಟು ಅಗಲ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಬರೀ ಕೆಲವು ಸೆಂಟಿಮೀಟರ್ ಜಾಗ, ಒಳಗೆಲ್ಲ ಒಣ ಮರಳು ತುಂಬಿದ್ದಾರೆ, ಮೇಲೂ ಮರಳು ಎಳೆದಿದ್ದಾರೆ. ಬಾಲ್ ಎತ್ತಿ ಒರೆಸಿದ್ರೆ ಬೆರಳಿಗೆಲ್ಲ ಮರಳು. ಒಂದು ಮೀಟರ್ ದೂರದ ಪಟ್ (ಗ್ರೀನ್ ಮೇಲೆ ಬಾಲನ್ನ ಹೋಲಿಗೆ ಉರುಳಿಸೋ ಹೊಡೆತ), ಕಣ್ಣು ಮುಚ್ಕೊಂಡು ಹಾಕ್ಬಹುದಾದಂಥದ್ದು, ನಾನು ಹೊಡೆದೆ, ಅದು ನೆಟ್ಟಗೆ ಹೊರಟು ಮಧ್ಯದಲ್ಲಿ ಒಂದು ತೂತಿನ ಅಂಚಿಗೆ ತಾಗಿ ಎಡಕ್ಕೆ ಸರಿದು ಹೋಲ್ ಪಕ್ಕದಲ್ಲೇ ನಿಂತ್ಕೊಂಡ್ತು. 18 ಗ್ರೀನೂ ಹೀಗೇ. ಅಲ್ಲಿ ಕೆಲಸ ಮಾಡ್ತಿದ್ದ ಹುಡುಗನ್ನ ಕೇಳಿದ್ರೆ ಮೊನ್ನೆ ತಾನೇ ಪಂಚ್ ಮಾಡಿದ್ದು ಮೇಡಂ, ಸರಿ ಹೋಗೋಕೆ ಎರಡು ಮೂರು ವಾರ ಬೇಕು ಅಂದ. ನಾವಿದ್ದಿದ್ದು ಒಂದು ವಾರ.

ಗಾಲ್ಫ್ ಆಡದೇ ಇರೋರಿಗೆ ಇದ್ರಲ್ಲಿ ಅಷ್ಟೊಂದು ಬೇಜಾರು ಮಾಡ್ಕೊಳೋಕೆ ಏನಿದೆ ಅನ್ನಿಸಬಹುದು. ಪಾರ್ 72 ಇರೋ, ಅಂದ್ರೆ ಚೆನ್ನಾಗಿ ಆಡೋರು 72 ಹೊಡೆತದಲ್ಲಿ ಮುಗಿಸ್ಬೇಕಾದ, ಕೋರ್ಸಲ್ಲಿ ಪ್ರತಿ ಹೋಲಿಗೂ ಎರಡು ಪಟ್ ಅಂತ ಇಟ್ಕೊಂಡೇ ಪಾರ್ ಲೆಕ್ಕ ಹಾಕೋದು, ಅಂದ್ರೆ 36 ಹೊಡೆತ, ಸರಿಯಾಗಿ ಅರ್ಧ ಆಟ, ಗ್ರೀನ್ ಮೇಲೇನೇ ನಡೆಯುತ್ತೆ. ಬಾಲಿನ ವ್ಯಾಸ 42.67 ಮಿಲಿಮೀಟರ್‌ಗಿಂತ ಕಮ್ಮಿ ಇರೋ ಹಾಗಿಲ್ಲ, ಹೋಲ್ ಇರೋದು 108 ಮಿಲಿಮೀಟರ್, ಗ್ರೀನಿನ ಹುಲ್ಲನ್ನ ಸುಮಾರು 3 ಮಿಲಿಮೀಟರ್‌ಗೆ ಕತ್ತರಿಸಿರ್ತಾರೆ. ಇಷ್ಟು ಸಣ್ಣ ಅಳತೆಗಳ ಮೇಲೆ ನಿಂತಿರೋ ಆಟದಲ್ಲಿ ನೆಲದ ತುಂಬಾ ತೂತು ಇದ್ರೆ ಅರ್ಧ ಆಟ ಅದೃಷ್ಟದ ಪಾಲು. ಅದೂ ಅಲ್ಲದೆ ಅದನ್ನ ನಾವು ರಿಪೇರಿ ಮಾಡ್ಕೊಳೋ ಹಾಗೂ ಇಲ್ಲ. 2019ರಲ್ಲಿ ರೂಲ್ಸ್ ಬದಲಾದಾಗ ಗ್ರೀನ್ ಮೇಲಿನ ಶೂ ಗುರುತು, ಬಾಲ್ ಬಿದ್ದ ಗುಳಿ ಎಲ್ಲಾನೂ ಸರಿ ಮಾಡ್ಕೋಬಹುದು ಅಂತ ಆಯ್ತು, ಆದ್ರೆ ಏರೇಷನ್ ತೂತನ್ನ, ಅಂದ್ರೆ ಮಣ್ಣಿಗೆ ಗಾಳಿ ಆಡ್ಲಿ ಅಂತ ಕೋರ್ಸಿನವರೇ ಹೊಡೆಯೋ ಇಂಥ ತೂತನ್ನ, ಮಾತ್ರ ಅದರಿಂದ ಹೊರಗಿಟ್ರು. ಕೋರ್ಸಿನ ಕಮಿಟಿಯವರು ಬೇಕಾದ್ರೆ ಲೋಕಲ್ ರೂಲ್ ತಂದು ಬಾಲು ತೂತಿನೊಳಗೆ ಕೂತ್ರೆ ರಿಲೀಫ್ (ಪೆನಾಲ್ಟಿ ಇಲ್ಲದೆ ಬಾಲನ್ನ ಬೇರೆ ಕಡೆ ಇಡೋ ಅವಕಾಶ) ಕೊಡಬಹುದು, ಆದ್ರೆ ನಿಮ್ಮ ಪಟ್ ಲೈನಲ್ಲಿ ತೂತಿದೆ ಅಂದ್ರೆ ಆ ರೂಲಿನಲ್ಲೂ ರಿಲೀಫ್ ಇಲ್ಲ.

ತೂತು ಹೊಡೆದಿದ್ದೇ ತಪ್ಪು ಅಂತ ಖಂಡಿತ ಹೇಳ್ತಿಲ್ಲ. ನಾನು ಇದ್ರ ಬಗ್ಗೆ ಓದಿ ತಿಳ್ಕೊಂಡಿದ್ದೀನಿ, ಗ್ರೀನ್ ನೋಡ್ಕೊಳೋರ ಮೇಲೆ ನನಗೆ ತುಂಬಾ ಗೌರವ ಇದೆ, ಸೂರ್ಯ ಹುಟ್ಟೋ ಮುಂಚೆ ಮಷೀನ್ ಹಿಡ್ಕೊಂಡು ಹೊರಡೋ ಜನ ಅವರು. ದಿನಾ ನೂರಾರು ಜನ ತುಳಿದು, ಮೋವರ್ ಓಡಿಸಿ, ಗ್ರೀನ್ ಕೆಳಗಿನ ಮಣ್ಣು ಬಡಿದ ಕಣದ ಥರ ಗಟ್ಟಿ ಆಗ್ಬಿಡುತ್ತೆ. ಅದ್ರ ಮೇಲೆ ಸತ್ತ ಬೇರು, ಕಾಂಡ ಎಲ್ಲ ಸೇರಿ ಥ್ಯಾಚ್ ಅನ್ನೋ ಪದರ ಕೂತ್ಕೊಳುತ್ತೆ, ನೀರು ಇಳಿಯಲ್ಲ, ಗಾಳಿ ಹೋಗಲ್ಲ, ಬೇರು ಕೆಳಗಿಳಿಯದೆ ಮೇಲೇ ಒದ್ದಾಡುತ್ತೆ, ಒಂದು ಬಿಸಿಲು ಜೋರಾಗಿ ಬಿದ್ರೆ ಹುಲ್ಲು ಸತ್ತೇ ಹೋಗುತ್ತೆ. ಅದಕ್ಕೆ ಟೊಳ್ಳು ಮೊಳೆ ಇರೋ ಮಷೀನಲ್ಲಿ ಮಣ್ಣಿನ ಸಣ್ಣ ಸಣ್ಣ ಕಡ್ಡಿಗಳನ್ನ ಕಿತ್ತು ತೆಗೆದು ಮರಳು ತುಂಬೋದು. ಮಾಡದೇ ಬಿಟ್ರೆ ಗ್ರೀನೇ ಉಳಿಯಲ್ಲ. ಯಾವಾಗ ಮಾಡ್ಬೇಕು ಅನ್ನೋದೂ ಹುಲ್ಲಿನ ಮೇಲೆ ಹೋಗುತ್ತೆ. ಬೆಂಟ್‌ಗ್ರಾಸ್ ಥರದ ತಂಪು ಹವೆಯ ಹುಲ್ಲಿಗೆ ವಸಂತ ಇಲ್ಲಾ ಶರತ್ಕಾಲದಲ್ಲಿ, ಬರ್ಮುಡಾ ಥರದ ಬಿಸಿಲಿನ ಹುಲ್ಲಿಗೆ ಬೇಸಿಗೆಯಲ್ಲಿ. ಹುಲ್ಲು ಜೋರಾಗಿ ಬೆಳೆಯೋ ಕಾಲದಲ್ಲಿ ಮಾಡಿದ್ರೆ ಮಾತ್ರ ಗಾಯ ಬೇಗ ಮಾಯುತ್ತೆ.

ಅಂದ್ರೆ ಇದು ರಾತ್ರೋರಾತ್ರಿ ಬರೋ ಮಳೆಯಂತೂ ಅಲ್ಲ. ಕೋರ್ಸ್ ಸೂಪರಿಂಟೆಂಡೆಂಟ್ ಹತ್ರ ವರ್ಷದ ಪ್ಲಾನ್ ಇರುತ್ತೆ, ಮರಳು ತರಿಸ್ಬೇಕು, ಮಷೀನ್ ರೆಡಿ ಇರಬೇಕು, ಜನ ಬೇಕು, ಆ ದಿನ ಕೋರ್ಸ್ ಮುಚ್ಚಬೇಕು. ಇಷ್ಟೆಲ್ಲ ಮೊದಲೇ ಗೊತ್ತಿರೋವಾಗ ಬುಕಿಂಗ್ ಡೆಸ್ಕಿಗೆ ಮಾತ್ರ ಗೊತ್ತಿರಲ್ಲ ಅಂದ್ರೆ ನಂಬೋದು ಹೇಗೆ? ಹವಾಮಾನ ನೋಡ್ಕೊಂಡು ಒಂದು ವಾರ ಆಚೀಚೆ ಆಗಬಹುದು, ಒಪ್ಕೋತೀನಿ. ಹಾಗಿದ್ರೆ ಈ ತಿಂಗಳ ಎರಡನೇ ವಾರದ ಆಸುಪಾಸು ಅಂತಾನೇ ಹೇಳಿ, ಮಿಕ್ಕಿದ್ದನ್ನ ನಾವು ಯೋಚ್ನೆ ಮಾಡ್ತೀವಿ.

ನಾವು ರೆಸಾರ್ಟಿನವರನ್ನ ಕೇಳಿದಾಗ ಕೌಂಟರ್‌ನಲ್ಲಿದ್ದೋರು ಹೇಳಿದ್ದು, ತುಂಬಾ ಜನಕ್ಕೆ ಅದ್ರ ವ್ಯತ್ಯಾಸಾನೇ ಗೊತ್ತಾಗಲ್ಲ ಸರ್ ಅಂತ. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಹಣ ವಾಪಸ್ ಇಲ್ಲ, ತಾರೀಖು ಬದಲಾಯಿಸೋಕೂ ಆಗಲ್ಲ, ಪಕ್ಕದ ಕೋರ್ಸಲ್ಲಿ ಆಡ್ತೀವಿ ಅಂದ್ರೆ ಅದಕ್ಕೆ ಬೇರೆ ದುಡ್ಡು. ರೌಂಡಿನ ರೇಟಲ್ಲಿ ಒಂದು ಪೈಸೆ ಕಮ್ಮಿ ಮಾಡ್ಲಿಲ್ಲ. ಏರೇಷನ್ ಆದ ದಿನಗಳಲ್ಲಿ ರೇಟ್ ಇಳಿಸೋ ಕೋರ್ಸುಗಳೂ ಇವೆ, ಎಷ್ಟೋ ಕ್ಲಬ್‌ಗಳು ವರ್ಷದ ಮೊದಲೇ ತಾರೀಖು ಹಾಕ್ಬಿಡ್ತಾವೆ, ಹಾಗಾಗಿ ಇದೇನು ಆಗದೇ ಇರೋ ಕೆಲಸ ಅಲ್ಲ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸನ್ನೇ ತಗೊಳಿ. ಒಂದು ರೌಂಡಿಗೆ 18 ಹೋಲ್ ಅನ್ನೋ ಲೆಕ್ಕ ಶುರುವಾಗಿದ್ದೇ ಅಲ್ಲಿ, 1764ರಲ್ಲಿ 22 ಇದ್ದಿದ್ದು 18ಕ್ಕೆ ಇಳಿದಾಗ. ದೊಡ್ಡ ಟೂರ್ನಮೆಂಟ್ ಬಿಟ್ರೆ ಅಲ್ಲಿ ಭಾನುವಾರ ಆಟಾನೇ ಇಲ್ಲ, ನೆಲಕ್ಕೆ ರಜೆ, ಊರಿನವರು ನಾಯಿ ಕರ್ಕೊಂಡು ಬಂದು ಫೇರ್‌ವೇ (ಗ್ರೀನ್ ತನಕ ಹೋಗೋ ಹುಲ್ಲುಹಾದಿ) ಮೇಲೆ ಓಡಾಡ್ತಾರೆ. ಪ್ರಪಂಚದ ಯಾವ ಮೂಲೆಯಿಂದ ಬರೋನಿಗೂ ಅದು ಮೊದಲೇ ಗೊತ್ತು, ಅದಕ್ಕೆ ತಕ್ಕ ಹಾಗೆ ಟಿಕೆಟ್ ಮಾಡಿಸ್ತಾನೆ, ಯಾರೂ ದೂರಲ್ಲ. ಅಂಥ ಕೋರ್ಸೇ ನೆಲಕ್ಕೆ ವಿಶ್ರಾಂತಿ ಬೇಕು ಅಂತ ಬಾಯಿಬಿಟ್ಟು ಹೇಳೋವಾಗ ಒಂದು ರೆಸಾರ್ಟ್ ಊರಿನ ಕೋರ್ಸಿಗೆ ಹೇಳೋಕೆ ಸಂಕೋಚ ಯಾಕೆ?

ಇನ್ನೊಂದು ವಿಷಯ, ಇದು ಜೋಡಿಯಾಗಿ ಆಡೋರಿಗೇ ಸಂಬಂಧಪಟ್ಟಿದ್ದು. ನಮ್ಮವರು ನನಗಿಂತ ಚೆನ್ನಾಗಿ ಆಡ್ತಾರೆ, ಬಾಲ್ ತುಂಬಾ ದೂರ ಹೋಗುತ್ತೆ. ಆದ್ರೂ ನಾವಿಬ್ರೂ ಸಮ ಸಮ ಆಡಬಹುದು, ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಅದೇ. ಹ್ಯಾಂಡಿಕ್ಯಾಪ್ ಅಂದ್ರೆ ಆಟಗಾರರ ಮಟ್ಟ ನೋಡಿ ಕೊಡೋ ಹೆಚ್ಚುವರಿ ಹೊಡೆತದ ಲೆಕ್ಕ. 2020ರಿಂದ ಬಂದಿರೋ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್‌ನಲ್ಲಿ ಕೊನೇ 20 ಸ್ಕೋರಲ್ಲಿ ಒಳ್ಳೇ 8ರ ಸರಾಸರಿ ನೋಡ್ತಾರೆ, ಗಂಡಸಿಗೂ ಹೆಂಗಸಿಗೂ ಹ್ಯಾಂಡಿಕ್ಯಾಪ್ ಮಿತಿ ಒಂದೇ, 54. ಅವರು ಹಿಂದಿನ ಟೀ (ಹೋಲಿನ ಮೊದಲ ಹೊಡೆತ ಹೊಡೆಯೋ ಜಾಗ) ಇಂದ, ನಾನು ಮುಂದಿನ ಟೀ ಇಂದ, ಎರಡು ಟೀಗೂ ಬೇರೆ ಬೇರೆ ಸ್ಲೋಪ್ ರೇಟಿಂಗ್, ಅಂದ್ರೆ ಎಷ್ಟು ಕಷ್ಟ ಅನ್ನೋ ಅಂಕಿ, ಇರುತ್ತೆ, 55ರಿಂದ 155ರ ತನಕ, 113 ಅಂದ್ರೆ ಸಾಧಾರಣ ಕಷ್ಟ, ಅದ್ರ ಪ್ರಕಾರ ಯಾರಿಗೆ ಎಷ್ಟು ಸ್ಟ್ರೋಕ್ ಅಂತ ಲೆಕ್ಕ ಆಗಿ ಕೊನೇ ಹೋಲ್ ತನಕ ಯಾರು ಗೆಲ್ತಾರೆ ಗೊತ್ತಾಗಲ್ಲ. ಕೆಲವು ಸಂಜೆ ಫೋರ್ಸಮ್ಸ್ ಥರ ಒಂದೇ ಬಾಲಲ್ಲಿ ಆಡ್ತೀವಿ, ಒಂದು ಶಾಟ್ ಅವರು ಒಂದು ಶಾಟ್ ನಾನು, ಬೆಸ ಹೋಲಿಗೆ ಒಬ್ಬರು ಟೀ ಆಫ್ ಮಾಡೋದು ಸಮ ಹೋಲಿಗೆ ಇನ್ನೊಬ್ಬರು. ಅವರು ಕಾಡಿಗೆ ಹೊಡೆದಿದ್ದನ್ನ ನಾನು ಹೊರಗೆ ತರಬೇಕು, ನಾನು ಬಂಕರಿಗೆ, ಅಂದ್ರೆ ಮರಳು ಗುಂಡಿಗೆ, ಹಾಕಿದ್ದನ್ನ ಅವರು ಎತ್ತಬೇಕು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಆ ಹೊತ್ತಲ್ಲಿ ನಾವು ಮಾತಾಡೋಷ್ಟು ಬೇರೆಲ್ಲೂ ಮಾತಾಡಲ್ಲ.

ಈ ಸಮಾನತೆ ನಿಂತಿರೋದು ಗ್ರೀನ್ ಮೇಲೆ. ದೂರ ಹೊಡೆಯೋಕೆ ಅವರಿಗಿರೋ ಶಕ್ತಿ ನನಗಿಲ್ಲ, ಪಟ್ ಮಾಡೋಕೆ ಶಕ್ತಿ ಬೇಕಿಲ್ಲ, ನೆಲದ ಇಳಿಜಾರು ಓದೋ ಕಣ್ಣು ಬೇಕು, ಕೈ ಹದ ಬೇಕು. ನಾನು ಗೆಲ್ಲೋದು ಅಲ್ಲೇ. ನನ್ನಂಥ ಎಷ್ಟೋ ಹೆಂಗಸರು, ವಯಸ್ಸಾದೋರು, ಆಪರೇಷನ್ ಆಗಿ ಮತ್ತೆ ಆಟಕ್ಕೆ ಬಂದೋರು ಗೆಲ್ಲೋದು ಅಲ್ಲೇ. ಸೇಂಟ್ ಆಂಡ್ರೂಸಲ್ಲೇ 1867ರಲ್ಲಿ ಹೆಂಗಸರು ತಮ್ಮದೇ ಪಟಿಂಗ್ ಕ್ಲಬ್ ಕಟ್ಕೊಂಡ್ರು, ಅಲ್ಲಿನ ರಾಯಲ್ ಅಂಡ್ ಏನ್ಶಿಯಂಟ್ ಗಾಲ್ಫ್ ಕ್ಲಬ್ ಹೆಂಗಸರನ್ನ ಸದಸ್ಯರಾಗಿ ತಗೊಳೋಕೆ ವೋಟ್ ಹಾಕಿದ್ದು 2014ರಲ್ಲಿ. ಮೊದಮೊದಲು ಅಲ್ಲಿ ಹೆಂಗಸರಿಗೆ ಈ ಆಟ ಸಿಕ್ಕಿದ್ದು ಬಹಳ ಮಟ್ಟಿಗೆ ಗ್ರೀನ್ ಮೇಲೇನೇ ಅಂತ ನನಗನ್ನಿಸುತ್ತೆ. ಗ್ರೀನ್ ಹಾಳಾಗಿರೋ ವಾರದಲ್ಲಿ ನಮ್ಮನ್ನ ಕರೆದು ಪೂರ್ತಿ ದುಡ್ಡು ತಗೊಂಡ್ರೆ ನಮಗೆ ಸಿಗೋದು ಅರ್ಧ ಆಟ, ಅದೂ ನಮಗೆ ಬರದೇ ಇರೋ ಅರ್ಧ.

ನಮ್ಮವರು ಬೇಜಾರು ತೋರಿಸ್ಕೊಳ್ಲಿಲ್ಲ, ಹೋಗ್ಲಿ ಬಿಡೇ, ನಡೆದಾಡೋಕಾದ್ರೂ ಆಯ್ತಲ್ಲ ಅಂದ್ರು. ನಿಜ, ಬೆಳಗಿನ ಗಾಳಿ ಚೆನ್ನಾಗಿತ್ತು, ಮಂಡಿ ನೋಯ್ಲಿಲ್ಲ, ಜೊತೆಗೆ ಇದ್ವಿ. ಆದ್ರೆ ನಡೆದಾಡೋಕೆ ನಾವು ಅಷ್ಟು ದೂರ ಹೋಗ್ಬೇಕಾಗಿರ್ಲಿಲ್ಲ, ಅಷ್ಟು ವರ್ಷ ಕಾಯಬೇಕಾಗೂ ಇರ್ಲಿಲ್ಲ. ಅವರು ಕಡೇ ದಿನ ಪಟರನ್ನ ಬ್ಯಾಗಿಂದ ತೆಗೀಲೇ ಇಲ್ಲ, ಬಾಲು ಗ್ರೀನ್ ಮೇಲೆ ಬಿದ್ರೆ ಎತ್ಕೊಂಡು ಮುಂದಿನ ಹೋಲಿಗೆ ಹೊರಡ್ತಿದ್ರು, ಅದನ್ನ ನೋಡೋಕೆ ನನಗೆ ಆಗ್ಲಿಲ್ಲ.

ಹೊರಡೋ ಪ್ಲಾನ್ ಇರೋರಿಗೆ ಹೇಳೋದು ಏನಂದ್ರೆ, ಹಣ ಕಟ್ಟೋ ಮುಂಚೆ ಫೋನ್ ಮಾಡಿ, ರೂಮ್ ಬುಕಿಂಗ್ ಡೆಸ್ಕಿಗಲ್ಲ, ಸೀದಾ ಪ್ರೊ ಶಾಪಿಗೆ, ಅಂದ್ರೆ ಕೋರ್ಸಲ್ಲೇ ಇರೋ ಗಾಲ್ಫ್ ಅಂಗಡಿಗೆ. ನಾವು ಬರೋ ವಾರಕ್ಕೆ ಹಿಂದಿನ ಮೂರು ವಾರದಲ್ಲಿ ಗ್ರೀನ್ ಪಂಚ್ ಮಾಡ್ತೀರಾ ಅಂತ ನೇರವಾಗೇ ಕೇಳಿ. ಟೊಳ್ಳು ಮೊಳೆನೋ ಸಣ್ಣ ಗಟ್ಟಿ ಮೊಳೆನೋ ಅಂತಾನೂ ಕೇಳಿ, ಸಣ್ಣದಾದ್ರೆ ಕೆಲವೇ ದಿನದಲ್ಲಿ ಗ್ರೀನ್ ಮೊದಲಿನ ಹಾಗಾಗುತ್ತೆ. ಬಿಸಿಲಿನ ಊರಾದ್ರೆ ಚಳಿಗಾಲದ ಮುಂಚೆ ಬರ್ಮುಡಾ ಮೇಲೆ ರೈ ಹುಲ್ಲಿನ ಬೀಜ ಹಾಕ್ತಾರೆ, ಆಗ ಕೆಲವು ವಾರ ಕೋರ್ಸೇ ಮುಚ್ಚಿರುತ್ತೆ, ತೆಗೆದ ಮೇಲೂ ಗಾಡಿ ಫೇರ್‌ವೇ ಮೇಲೆ ಬಿಡಲ್ಲ, ಮಂಡಿ ನೋವಿರೋರಿಗೆ ಅದು ದೊಡ್ಡ ಕಷ್ಟ. ಟೂರ್ನಮೆಂಟ್ ಇದ್ಯಾ, ಟೀ ಟೈಮ್ (ಆಟ ಶುರು ಮಾಡೋ ಹೊತ್ತು) ಪ್ಯಾಕೇಜಲ್ಲೇ ಪಕ್ಕಾ ಆಗಿದ್ಯಾ ಇಲ್ಲಾ ಅಲ್ಲಿಗೆ ಹೋದ ಮೇಲೆ ನೋಡೋಣ ಅಂತಾರಾ, ಅದನ್ನೂ ಕೇಳಿ. ಏನೇ ಹೇಳಿದ್ರೂ ಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ. ಆಫ್ ಸೀಸನ್ ರೇಟ್ ತುಂಬಾ ಕಮ್ಮಿ ಇದೆ ಅಂದ್ರೆ ಕಾರಣ ಇದೇ ಇರಬಹುದು.

ಸಂಪಾದಕರಲ್ಲಿ ನನ್ನ ಕೋರಿಕೆ, ನಿಮ್ಮ ಪ್ರವಾಸ ಪುಟದಲ್ಲಿ ಗಾಲ್ಫ್ ಪ್ಯಾಕೇಜ್ ಪರಿಚಯ ಮಾಡೋವಾಗ ರೇಟು, ರೂಮಿನ ಜೊತೆ ಆ ಕೋರ್ಸಿನ ಏರೇಷನ್ ತಾರೀಖನ್ನೂ ಕೇಳಿ ಒಂದು ಸಾಲು ಹಾಕಿ. ಕೊಡಲ್ಲ ಅಂದ್ರೆ ತಾರೀಖು ಕೊಟ್ಟಿಲ್ಲ ಅಂತಾನೇ ಹಾಕಿ. ಓದೋ ಜೋಡಿಗಳು ಮಿಕ್ಕಿದ್ದನ್ನ ತಾವೇ ನಿರ್ಧಾರ ಮಾಡ್ಕೋತಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು